ಎಲ್ಲಿಗೆ ಎಂದು ಕೇಳಬಾರದ ಊರು

ನದಿ ಸಮುದ್ರ ಸೇರುವ ಅಳಿವೆಯ ದಂಡೆಯಲ್ಲಿ ಒಂದು ಊರಿತ್ತು. ಆ ಊರಿನಲ್ಲಿ ಹೊಸ್ತಿಲ ಬಳಿ ನಿಂತು ಆಡಿದ ಮಾತು ನಿಜವಾಗುತ್ತಿತ್ತು.

ಅಂಗಳದಲ್ಲಿ ಏನು ಬೇಕಾದರೂ ಹರಟಬಹುದಿತ್ತು. ಒಲೆಯ ಮುಂದೆ ಬಾಯಿಗೆ ಬಂದ ಹಾಗೆ ಬೈಯಬಹುದಿತ್ತು. ಮೀನು ಮಾರುವ ಕಟ್ಟೆಯ ಮೇಲಂತೂ ಕೇಳುವುದೇ ಬೇಡ. ಆದರೆ ಹೊಸ್ತಿಲ ಹತ್ತಿರ ಬಂದ ಕೂಡಲೇ ಊರಿನವರು ನಾಲಿಗೆಯನ್ನು ಬಿಗಿಹಿಡಿಯುತ್ತಿದ್ದರು. ಅಲ್ಲಿ ಪಾಲಿಸಬೇಕಾದ ಕಟ್ಟಳೆಗಳು ಎರಡೇ ಎರಡು.

ಹೊರಟವರಿಗೆ 'ಹೋಗು' ಎನ್ನಬಾರದು, 'ಹೋಗಿ ಬಾ' ಎನ್ನಬೇಕು. ಹೊರಟವರೂ 'ಹೋಗುತ್ತೇನೆ' ಎನ್ನಬಾರದು, 'ಬರುತ್ತೇನೆ' ಎನ್ನಬೇಕು. ಇದು ನಿಮ್ಮೂರಿನಲ್ಲೂ ಇದೆ, ನಮ್ಮೂರಿನಲ್ಲೂ ಇದೆ. ವ್ಯತ್ಯಾಸ ಇಷ್ಟೇ, ಅಲ್ಲಿ ಹಾಗೆ ಹೇಳಿ ಕಳಿಸಿದವರು ಬಂದೇ ಬರುತ್ತಿದ್ದರು. ದೋಣಿಗಳು ಬರುತ್ತಿದ್ದವು, ಬೆಕ್ಕುಗಳು ಬರುತ್ತಿದ್ದವು, ನೆಂಟರು ಬರುತ್ತಿದ್ದರು, ಬೇಡವಾದ ನೆಂಟರು ಇನ್ನೂ ಬೇಗ ಬರುತ್ತಿದ್ದರು.

ಎರಡನೆಯದು, ಹೊರಟವರನ್ನು 'ಎಲ್ಲಿಗೆ?' ಎಂದು ಕೇಳಬಾರದು. ಕೇಳಿದರೆ ಪಯಣ ಅಲ್ಲಿಗೇ ಮುರಿಯುತ್ತಿತ್ತು. ಯಾರಾದರೂ ಬಾಯಿ ತಪ್ಪಿ ಕೇಳಿಬಿಟ್ಟರೆ, ಹೊರಟವರು ತಿರುಗಿ ಒಳಗೆ ಬಂದು, ಮಣೆಯ ಮೇಲೆ ಕೂತು, ಒಂದು ಗುಟುಕು ನೀರು ಕುಡಿದು, ಮತ್ತೆ ಹೊಸದಾಗಿ ಹೊರಡಬೇಕಿತ್ತು. ಅದಕ್ಕೇ ಆ ಊರಿನಲ್ಲಿ ಯಾರು ಎಲ್ಲಿಗೆ ಹೋಗುತ್ತಾರೆಂದು ಯಾರಿಗೂ ಸರಿಯಾಗಿ ಗೊತ್ತಿರುತ್ತಿರಲಿಲ್ಲ. ಬರುತ್ತಾರೆ ಎನ್ನುವುದು ಮಾತ್ರ ಗೊತ್ತಿತ್ತು.

ಊರಿನವರು ಮಹಾ ಮರ್ಯಾದಸ್ತರು. ಮನುಷ್ಯರಿಗೊಂದು ಮಾತು, ವಸ್ತುಗಳಿಗೊಂದು ಮಾತು ಎಂದು ಭೇದ ಮಾಡಿದವರಲ್ಲ. ತೂತುಬಿದ್ದ ಬುಟ್ಟಿಯನ್ನು ಹೊರಗೆ ಎಸೆಯುವಾಗಲೂ 'ಹೋಗಿ ಬಾ' ಎನ್ನುತ್ತಿದ್ದರು. ಸವೆದ ಪೊರಕೆಗೂ 'ಹೋಗಿ ಬಾ'. ಸಂಜೆ ಇಳಿತ ಶುರುವಾದಾಗ, ಹೊಳೆಯ ಕಡೆಗೆ ಬಾಗಿಲಿದ್ದ ಮನೆಗಳ ಹೆಂಗಸರು ಹೊಸ್ತಿಲ ಬಳಿ ನಿಂತು ಹಿಂದೆ ಸರಿಯುವ ನೀರಿಗೂ 'ಹೋಗಿ ಬಾ' ಎನ್ನುತ್ತಿದ್ದರು. ಬೆಳಿಗ್ಗೆ ನೀರು ಉಬ್ಬರವಾಗಿ ಬರುತ್ತಿತ್ತು.

ಹಿಂದೆ ಮನೆಗಳಿಂದ ಹೊರಗೆ ಹೋಗುತ್ತಿದ್ದದ್ದು ತೆಂಗಿನ ಸಿಪ್ಪೆ, ಒಲೆಯ ಬೂದಿ, ಮೀನಿನ ಮುಳ್ಳು, ಉಂಡ ಬಾಳೆಲೆ. ಅವು ಹೋದ ಹಾಗೇ ಬರುತ್ತಿರಲಿಲ್ಲ, ವೇಷ ಬದಲಿಸಿ ಬರುತ್ತಿದ್ದವು. ಮೀನಿನ ಮುಳ್ಳು ಹೋಗಿ ಏಡಿಯಾಗಿ ಬಂತು. ಬೂದಿ ಹೋಗಿ ಕೆಸರಾಗಿ ಬಂತು, ಕೆಸರಿನೊಳಗೆ ಬಳಚು ಎಂಬ ಚಿಪ್ಪುಮೀನುಗಳು ಬಂದವು. ಬಾಳೆಲೆ ಹೋಗಿ ಕಾಂಡ್ಲ ಗಿಡವಾಗಿ ಬಂತು. ಉಪ್ಪುನೀರಿನಲ್ಲಿ ಬೇರುಗಳನ್ನು ಮೇಲೆತ್ತಿಕೊಂಡು ನಿಲ್ಲುವ ಆ ಗಿಡಗಳೇ ಊರಿನ ಬೇಲಿ. ಅಲೆಯಾಗಲಿ ಗಾಳಿಯಾಗಲಿ ಮೊದಲು ಅವುಗಳ ಜೊತೆ ಮಾತಾಡಿಯೇ ಊರೊಳಗೆ ಬರಬೇಕಿತ್ತು.

ಆಮೇಲೆ ವೇಷ ಬದಲಿಸಲು ಬಾರದ ವಸ್ತುಗಳು ಊರಿಗೆ ಬಂದವು. ಕೊಟ್ಟೆ ಎಂದು ಊರಿನವರು ಕರೆಯುವ ಅಂಗಡಿಯ ಪ್ಲಾಸ್ಟಿಕ್ ಚೀಲಗಳು, ಬಾಟಲಿಗಳು, ಡಬ್ಬಿಗಳು, ಹೊಳೆಯುವ ಬಣ್ಣದ ಹಾಳೆಗಳು. ಅವಕ್ಕೂ ಊರಿನವರು 'ಹೋಗಿ ಬಾ' ಎಂದರು. ಅವು ಹೋದವು, ಬಂದವು. ಕೊಟ್ಟೆ ಹೋಗಿ ಕೊಟ್ಟೆಯಾಗಿಯೇ ಬಂತು. ಬಾಟಲಿ ಹೋಗಿ ಬಾಟಲಿಯಾಗಿಯೇ ಬಂತು. ಯಾವ ಮನೆಯಿಂದ ಹೋಗಿತ್ತೋ ಅದೇ ಮನೆಯ ಮೆಟ್ಟಿಲ ಮೇಲೆ, ಚೂರೂ ತಪ್ಪದೆ, ಬೆಳಗಿನ ಉಬ್ಬರದ ಜೊತೆ ಬಂದು ಕೂತುಕೊಳ್ಳುತ್ತಿತ್ತು. ಮತ್ತೆ ಎಸೆದರೆ ಮತ್ತೆ ಬರುತ್ತಿತ್ತು, ತನ್ನ ಜೊತೆ ಇನ್ನೆರಡನ್ನು ಕರೆದುಕೊಂಡು. ಊರಿನವರಿಗೆ ತಲೆ ಚಿಟ್ಟುಹಿಡಿದುಹೋಯಿತು.

ಊರಿಗೊಬ್ಬ ಯಜಮಾನರಿದ್ದರು. ಯೋಚನೆ ಮಾಡುವಾಗ ಮೀಸೆಯ ಒಂದು ತುದಿಯನ್ನು ಮಾತ್ರ ಹುರಿ ಮಾಡುತ್ತಿದ್ದುದರಿಂದ ಅವರ ಮೀಸೆ ಯಾವಾಗಲೂ ಒಂದು ಕಡೆ ಎತ್ತರ. ಅವರು ಊರಿನವರನ್ನೆಲ್ಲ ಮೀನಿನ ಕಟ್ಟೆಯ ಹತ್ತಿರ ಸೇರಿಸಿದರು.

"ತಪ್ಪು ಸಮುದ್ರದ್ದಲ್ಲ" ಎಂದರು ಯಜಮಾನರು. "ತಪ್ಪು ನಮ್ಮ ಬಾಯಿದು. ಬಾ ಅಂತ ಕರದವ್ರು ಯಾರು? ನಾವು. ಕರದ ಮೇಲೆ ಅದು ಬಂತು. ನಾವೇ ಕರದು ನಾವೇ ಬೈದ್ರೆ ಹ್ಯಾಂಗೆ? ಇನ್ಮೇಲೆ ಬಾ ಅನ್ನೂದು ಬೇಡ. ಹೋಗು ಅಂದ್ರೆ ಸಾಕು."

ಊರಿನವರು ತಲೆಯಾಡಿಸಿದರು. ಎಷ್ಟು ಸಣ್ಣ ವಿಷಯ, ಇಷ್ಟು ದಿನ ಯಾರಿಗೂ ಹೊಳೆದಿರಲಿಲ್ಲವಲ್ಲ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಇಳಿತದ ಹೊತ್ತಿಗೆ ಕೆಸರಿಗಿಳಿದು ಬಳಚು ಹೆಕ್ಕುವುದು ಅವಳ ಕೆಲಸ. ಕೆಸರಿನಲ್ಲಿ ಸಣ್ಣ ತೂತು ಕಂಡರೆ ಒಳಗೆ ಏನಿದೆಯೆಂದು ಬೆರಳು ಹಾಕಿ ನೋಡದೆ ಇರಲಾರಳು, ಅದೇ ಚಾಳಿ ಅವಳ ಮಾತಿಗೂ ಇತ್ತು. ಅವಳು ಎದ್ದು ನಿಂತು ಕೇಳಿದಳು, "ಯಜಮಾನ್ರೇ, ಹೋಗು ಅಂದ್ರೆ ಅದು ಎಲ್ಲಿಗೆ ಹೋಗ್ತದೆ?"

ಊರಿಗೆ ಊರೇ ಕಿವಿ ಮುಚ್ಚಿಕೊಂಡಿತು. "ಥೂ, ಬಿಡ್ತು ಅನ್ನೇ ಮಾರಾಯ್ತಿ!" ಎಂದಳು ಪಕ್ಕದ ಮನೆಯವಳು. ಯಜಮಾನರು ಮೀಸೆ ಹುರಿ ಮಾಡಿದರು. "ಹೊರಟದ್ದನ್ನ ಎಲ್ಲಿಗೆ ಅಂತ ಕೇಳಬಾರದು. ಹಿರಿಯರು ಸುಮ್ನೆ ಮಾಡಿದ್ದಲ್ಲ."

ಅವರು ಇನ್ನೊಂದು ಮಾತನ್ನೂ ಸೇರಿಸಿದರು. ಸಮುದ್ರದ ಕಿವಿ ಅಷ್ಟು ಸೂಕ್ಷ್ಮವಲ್ಲ, ಒಂದೇ ಊರಿನಲ್ಲಿ ಎರಡು ಮಾತಿದ್ದರೆ ಅದಕ್ಕೆ ಗೊಂದಲವಾಗುತ್ತದೆ, ಆದ್ದರಿಂದ ವಸ್ತುಗಳಿಗೂ ಮನುಷ್ಯರಿಗೂ ಇನ್ನು ಮೇಲೆ ಒಂದೇ ಮಾತು.

ಮರುದಿನ ಬೆಳಿಗ್ಗೆ ಎಲ್ಲ ಹೊಸ್ತಿಲುಗಳ ಬಳಿ ಜನ ನಿಂತರು. ಕಸವನ್ನು ಹೊಳೆಗೆ ಎಸೆದು ಎಲ್ಲರೂ ಒಟ್ಟಿಗೆ 'ಹೋಗು' ಎಂದರು. ಅದು ಹೋಯಿತು. ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಮೆಟ್ಟಿಲುಗಳು ತೊಳೆದಿಟ್ಟ ಹಾಗೆ ಕಂಡವು. ಊರಿನವರು ಖುಷಿಯಿಂದ ಇನ್ನಷ್ಟು ತಂದರು, ಇನ್ನಷ್ಟು ಎಸೆದರು.

ಬಳಚು ಹೆಕ್ಕುವವಳಿಗೆ ಒಬ್ಬಳೇ ಮಗಳು. ಹೊಳೆಯ ಆಚೆ ದಡದ ಊರಿಗೆ ಕೊಟ್ಟಿದ್ದಳು. ಮಗಳ ಅತ್ತೆ ಎಂದೋ ತೀರಿಹೋಗಿದ್ದಳು, ಗಂಡ ದೂರದ ಬಂದರಿಗೆ ದುಡಿಯಲು ಹೋದವನು. ಹೊಸ ಕಟ್ಟಳೆ ಬಂದ ವಾರದಲ್ಲೇ ಮಗಳು ತವರಿಗೆ ಬಂದು, ಬಳಚಿನ ಸುಕ್ಕ ತಿಂದು, ತಾನು ಬಸುರಿ ಎಂದು ನಾಚಿಕೊಂಡು ಹೇಳಿ, ಸಂಜೆ ಹೊರಟು ನಿಂತಳು. ಬೀದಿಯಲ್ಲಿ ಯಜಮಾನರು ಊರಿನ ಬಾಯಿಗಳನ್ನು ಪರೀಕ್ಷೆ ಮಾಡುತ್ತ ತಿರುಗುತ್ತಿದ್ದರು. ತಾಯಿ ಹೊಸ್ತಿಲ ಬಳಿ ಬಂದಳು.

"ಹೋಗು" ಎಂದಳು.

ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ ಮಗಳು ತಲೆ ಎತ್ತಿದಳು. "ಅಮ್ಮಾ, ಹಿಂಗೂ ಹೇಳ್ತಾರಾ?"

"ಊರಿನ ಕಟ್ಟಳೆ ಮಗಾ."

"ಹಂಗಾರೆ ಹೋಗ್ತೆ" ಎಂದಳು ಮಗಳು. ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿದಳು. ತಾಯಿಗೆ ಅನ್ನದಲ್ಲಿ ಮರಳು ಸಿಕ್ಕಿದ ಹಾಗಾಯಿತು. ಅಂದು ಅವಳು ಉಣ್ಣಲಿಲ್ಲ.

ಆಮೇಲೆ ಒಂದೊಂದಾಗಿ ಏನೇನೋ ಬರುವುದನ್ನು ನಿಲ್ಲಿಸಿತು. ಹೊರಗೆ ಬಿಟ್ಟ ಬೆಕ್ಕುಗಳು ಬರಲಿಲ್ಲ. ಮರಳಿನಲ್ಲಿ ಮೊಟ್ಟೆಯಿಡಲು ಬರುತ್ತಿದ್ದ ಆಮೆಗಳು ಬರಲಿಲ್ಲ. ಇಳಿತದ ನೀರಿಗೂ 'ಹೋಗು' ಎಂದದ್ದಕ್ಕೆ ಉಬ್ಬರ ದಿನದಿಂದ ದಿನಕ್ಕೆ ಸಣ್ಣದಾಗಿ, ಮೊಣಕಾಲಿಗೆ ಬರುತ್ತಿದ್ದ ನೀರು ಪಾದಕ್ಕಿಳಿಯಿತು. ಕಾಂಡ್ಲ ಗಿಡಗಳಿಂದ ಉದುರಿದ ನುಗ್ಗೆಕಾಯಿಯಂಥ ಬೀಜಗಳು ತೇಲಿಹೋದವು, ತಿರುಗಿ ಬಂದು ಕೆಸರಿಗೆ ನಾಟಿಕೊಳ್ಳಲಿಲ್ಲ. ಕೆಸರು ಒಣಗಿ ಬಿರುಕುಬಿಟ್ಟಿತು, ಬುಟ್ಟಿಗೆ ಬೀಳುವ ಬಳಚುಗಳೆಲ್ಲ ಒಳಗೆ ಖಾಲಿ. ಹೊರಗೆ ಹೋದ ಕೆಲವು ಗಂಡಸರೂ ಬಾರದೆ ಹೋದಾಗ ಊರಿನವರು ಹೊಸ್ತಿಲು ದಾಟುವುದನ್ನೇ ಬಿಟ್ಟು, ಹಿತ್ತಲ ಬೇಲಿ ಹಾರಿ, ಯಾರಿಗೂ ಹೇಳದೆ ಹೋಗಿ ಬರತೊಡಗಿದರು. ಮರ್ಯಾದಸ್ತರ ಊರು ಕಳ್ಳರ ಊರಿನ ಹಾಗೆ ಕಾಣುತ್ತಿತ್ತು.

ಅಳಿವೆಯ ಬಾಯಲ್ಲಿ ಮಾತ್ರ ಬೆಳ್ಳಗಿನ ಏನೋ ಒಂದು ದಿನೇ ದಿನೇ ಎತ್ತರವಾಗುತ್ತಿತ್ತು. ಯಜಮಾನರು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ದ್ವೀಪ ಹುಟ್ತಾ ಉಂಟು. ನಮ್ಮೂರಿಗೆ ಒಂದು ದ್ವೀಪ!" ಎಂದರು. ಅದಕ್ಕೇನು ಹೆಸರಿಡುವುದು ಎಂಬ ಚರ್ಚೆಯೂ ನಡೆಯಿತು.

ಮಗಳಿಗೆ ದಿನ ತುಂಬುತ್ತ ಬಂತು. ಬಾಣಂತನಕ್ಕೆ ತವರಿಗೆ ಬರಬೇಕು. ದೋಣಿಯವನು ಅವಳನ್ನು ಆಚೆ ದಡದಲ್ಲಿ ಕೂರಿಸಿಕೊಂಡು ಹೊರಟ. ನಡುಹೊಳೆಗೆ ಬಂದದ್ದೇ ತಡ, ದೋಣಿ ಮೂಗು ತಿರುಗಿಸಿ ವಾಪಸು ಹೋಯಿತು. ಬೇರೆ ಯಾರನ್ನು ಕೂರಿಸಿದರೂ ಈಚೆಗೆ ಬರುತ್ತಿತ್ತು, ಮಗಳು ಕೂತರೆ ತಿರುಗುತ್ತಿತ್ತು. ತಾಯಿ ಕೂತು ಆಚೆಗೆ ಹೊರಟರೂ ತಿರುಗುತ್ತಿತ್ತು, ಹೋಗು ಎಂದ ಬಾಯಿಯನ್ನು ಹೋದವಳ ಬಳಿಗೆ ಒಯ್ಯುತ್ತಿರಲಿಲ್ಲ.

"ನಾ ಹುಟ್ಟು ಹಾಕ್ತೆ ಅಕ್ಕ, ದೋಣಿ ಕೇಳೂದಿಲ್ಲ" ಎಂದು ತಾಯಿಗೆ ಹೇಳಿದ ದೋಣಿಯವನು. ಅವನು ದೋಣಿಯಲ್ಲೇ ಮಲಗುವವನು. ಹೊಸ್ತಿಲೇ ಇಲ್ಲದ್ದರಿಂದ ಯಾರ ಮಾತೂ ಅವನಿಗೆ ತಗುಲಿರಲಿಲ್ಲ.

ಮಗಳು ದಿನಾ ಆಚೆ ದಡಕ್ಕೆ ಬಂದು ನಿಲ್ಲುತ್ತಿದ್ದಳು. ತಾಯಿ ಈಚೆ ದಡಕ್ಕೆ ಬಂದು ನಿಲ್ಲುತ್ತಿದ್ದಳು. ಮಗಳ ಹೊಟ್ಟೆ ದೊಡ್ಡದಾಗುವುದು ಇಲ್ಲಿಂದಲೇ ಕಾಣುತ್ತಿತ್ತು. "ಬಾ!" ಎಂದು ತಾಯಿ ಗಂಟಲು ಹರಿಯುವ ಹಾಗೆ ಕೂಗಿದಳು. ದಡದಲ್ಲಿ ನಿಂತು ಕೂಗಿದ ಮಾತಿಗೆ ತೂಕವೆಲ್ಲಿಂದ ಬರಬೇಕು? ಹೊಸ್ತಿಲ ಬಳಿ ಹೇಳಿದ್ದನ್ನು ಹೊಸ್ತಿಲ ಬಳಿಯೇ ಬಿಚ್ಚಬೇಕು. ಅಲ್ಲಿ ಬಾ ಎನ್ನಲು ಹೊಸ ಕಟ್ಟಳೆ ಬಿಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವಳು ದೋಣಿಯವನನ್ನು ಕರೆದುಕೊಂಡು ಅಳಿವೆಯ ಬಾಯಿಗೆ ಹೋದಳು. ದ್ವೀಪವನ್ನು ಹತ್ತಿರದಿಂದ ನೋಡಬೇಕು ಎನ್ನುವುದು ಅವಳ ಚಾಳಿ, ನಿಮಗೆ ಗೊತ್ತೇ ಇದೆ. ಅಲ್ಲಿ ದ್ವೀಪ ಇರಲಿಲ್ಲ. ಅಲ್ಲಿ ಊರಿನ ಕೊಟ್ಟೆಗಳಿದ್ದವು, ಬಾಟಲಿಗಳಿದ್ದವು, ಡಬ್ಬಿಗಳಿದ್ದವು. ಎಲ್ಲ ಒಂದರ ಮೇಲೊಂದು ನಿಂತು ನದಿಯ ಬಾಯಿಯನ್ನು ಕಟ್ಟಿದ್ದವು. ಆಚೆ ಸಮುದ್ರದ ನೀರು ಒಳಗೆ ಬರಲಾಗದೆ ಅಡ್ಡಾಡುತ್ತಿತ್ತು. ಅವಳೇ ಎಸೆದಿದ್ದ, ತಳ ಹರಿದ ಜರಡಿ ಅಲ್ಲೇ ನಿಂತಿತ್ತು, ಊರಿನ ಕಡೆಗೆ ಮುಖ ಮಾಡಿಕೊಂಡು.

"ಹೋಗು ಅಂದ್ರಲ್ಲ, ಇವು ಎಂತಕೆ ಹೋಗ್ಲಿಲ್ಲ?" ಎಂದು ಕೇಳಿದ ದೋಣಿಯವನು.

ಅವಳು ಜರಡಿಯನ್ನೇ ನೋಡುತ್ತ ಹೇಳಿದಳು, "ಎಲ್ಲಿಗೆ ಅಂತ ಯಾರೂ ಹೇಳ್ಲೇ ಇಲ್ಲ ತಮ್ಮಾ. ಹೋಗೂಕೆ ಜಾಗ ಇಲ್ಲ, ಬರೂಕೆ ಮಾತಿಲ್ಲ. ಪಾಪ, ಬಾಗಿಲಲ್ಲೇ ನಿಂತವೆ." ಅವಳಿಗೆ ಅಳು ಬಂತು. ಜರಡಿಗಾಗಿಯೋ ಮಗಳಿಗಾಗಿಯೋ ಅವಳಿಗೇ ತಿಳಿಯಲಿಲ್ಲ.

ಮನೆಗೆ ಬಂದಾಗ ಅಡಿಗೆಮನೆಯಲ್ಲಿ ಒಂದು ಖಾಲಿ ಬಾಟಲಿ ಕೂತಿತ್ತು. ಎಸೆಯಲೆಂದು ಅದನ್ನು ಹಿಡಿದು ಹೊಸ್ತಿಲ ಬಳಿ ಬಂದಳು. 'ಹೋಗು' ಎನ್ನಲು ಬಾಯಿ ತೆರೆದಳು. ಬಾಯಿ ಒಪ್ಪಲಿಲ್ಲ. ಬದಲಿಗೆ ಹುಟ್ಟಿದಾಗಿನಿಂದ ನುಂಗಿಕೊಂಡು ಬಂದಿದ್ದ ಮಾತು ಹೊರಗೆ ಬಿತ್ತು.

"ಎಲ್ಲಿಗೆ?"

ಬಾಟಲಿ ಭಾರವಾಯಿತು. ಕೈ ಬೀಸಿದರೂ ಕೈ ಬಿಡಲಿಲ್ಲ. ಹೌದಲ್ಲ, ಎಲ್ಲಿಗೆ ಎಂದು ಕೇಳಿಸಿಕೊಂಡದ್ದು ಹಾಗೇ ಹೋಗುವಂತಿಲ್ಲ. ಒಳಗೆ ಬರಬೇಕು, ಮಣೆಯ ಮೇಲೆ ಕೂರಬೇಕು, ಒಂದು ಗುಟುಕು ನೀರು ಕುಡಿಯಬೇಕು. ಅವಳು ಬಾಗಿಲ ಪಕ್ಕ ಮಣೆ ಹಾಕಿದಳು, ಬಾಟಲಿಯನ್ನು ಕೂರಿಸಿದಳು, ಅದರ ಬಾಯಿಗೆ ನೀರು ಹೊಯ್ದಳು. ನೀರು ಒಳಗೆಲ್ಲ ತಿರುಗಿ ಹೊರಗೆ ಬಂದಾಗ ಬಾಟಲಿ ಲಕಲಕ ಎಂದಿತು. ಅವಳು ಎದುರಿಗೆ ಕೂತು ಉತ್ತರಕ್ಕೆ ಕಾದಳು. ಬಾಟಲಿ ಮಾತಾಡಲಿಲ್ಲ, ಆ ಊರಿನಲ್ಲಿ ಏನೇ ವಿಚಿತ್ರವಿದ್ದರೂ ಬಾಟಲಿಗಳು ಮಾತಾಡುವಷ್ಟು ಇರಲಿಲ್ಲ. ಆದರೆ ಒಂದು ವಸ್ತುವನ್ನು ಅಷ್ಟು ಹೊತ್ತು ನೋಡುತ್ತ ಕೂತರೆ ಅದರ ಉತ್ತರ ನೋಡುವವರಿಗೇ ಹೊಳೆಯುತ್ತದೆ. 'ಕೊಬ್ಬರಿ ಎಣ್ಣೆಗೆ' ಎಂದು ಅವಳಿಗೆ ಹೊಳೆಯಿತು.

ಮರುದಿನ ತರಕಾರಿ ಸಿಪ್ಪೆಯನ್ನು ಕೇಳಿದಳು, "ಎಲ್ಲಿಗೆ?" ಅದು ಇನ್ನೊಂದು ಮಣೆಯ ಮೇಲೆ ಮಡಕೆಯಲ್ಲಿ ಕೂತು, ದಿನ ಕಳೆದಂತೆ ಕಪ್ಪಾಗಿ, 'ಬಸಳೆ ಚಪ್ಪರದ ಬುಡಕ್ಕೆ' ಎಂದು ಹೊಳೆಸಿತು. ಹರಿದ ಸೀರೆ 'ಕೌದಿಗೆ' ಎಂದಿತು, ಜೊತೆಗೆ 'ತೊಟ್ಟಿಲಿಗೆ' ಎಂದೂ ಅಂದಿತು. ತಗಡಿನ ಡಬ್ಬಿ 'ಕುಲುಮೆಗೆ' ಎಂದಿತು. ಪ್ಲಾಸ್ಟಿಕ್ ಕೊಟ್ಟೆ ಮಾತ್ರ ಎಷ್ಟು ನೀರು ಕುಡಿಸಿದರೂ, ಎಷ್ಟು ಹೊತ್ತು ಕೂರಿಸಿದರೂ ಏನೂ ಹೊಳೆಸಲಿಲ್ಲ. ಅದಕ್ಕೆ ಹೋಗಲು ಜಾಗವೇ ಇರಲಿಲ್ಲ. "ಹಂಗಾರೆ ಇಲ್ಲೇ ಕೂತ್ಕೋ" ಎಂದಳು ಅವಳು. "ಆದ್ರೆ ನಿನ್ನಂಥವ್ರನ್ನ ಇನ್ನೊಬ್ಬರನ್ನ ಮನೆ ಒಳಗೆ ತರೂದಿಲ್ಲ." ಅಂದಿನಿಂದ ಅಂಗಡಿಯ ಸಾಮಾನನ್ನೂ ಒಳಗೆ ತರುವ ಮೊದಲೇ ಕೇಳತೊಡಗಿದಳು. ಉತ್ತರವಿಲ್ಲದ್ದು ಅಂಗಡಿಯಲ್ಲೇ ಉಳಿಯಿತು.

ಬಳಚು ಹೆಕ್ಕುವವಳಿಗೆ ಮಗಳ ಚಿಂತೆಯಲ್ಲಿ ತಲೆ ಕೆಟ್ಟಿದೆ, ಬಾಟಲಿಗೆ ಮಣೆ ಹಾಕುತ್ತಾಳೆ ಎಂದು ಊರು ಆಡಿಕೊಂಡಿತು. ಆಡಿಕೊಳ್ಳಲಿಕ್ಕಾದರೂ ನೋಡಬೇಕಲ್ಲ, ಪಕ್ಕದ ಮನೆಯವಳು ಬಂದು ಬಾಗಿಲಲ್ಲಿ ಇಣುಕಿದಳು.

"ಇದೆಂತದೇ, ನೆಂಟರ ಸಾಲು?"

"ಕೂತ್ಕೋ. ನಿನಗೂ ಮಣೆ ಉಂಟು."

"ನಾ ಎಂತ ಖಾಲಿ ಡಬ್ಬಿಯಾ?" ಎಂದಳು ಪಕ್ಕದ ಮನೆಯವಳು. ಆದರೂ ಕೂತಳು, ನೋಡಿದಳು. ಸಂಜೆ ತನ್ನ ಮನೆಯಲ್ಲಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಒಡೆದ ಬಾಲ್ದಿಯನ್ನು ಮೆಲ್ಲಗೆ ಕೇಳಿದಳು, "ಎಲ್ಲಿಗೆ?" ಬಾಲ್ದಿಯಲ್ಲಿ ಈಗ ಅವಳ ಮಲ್ಲಿಗೆ ಗಿಡವಿದೆ. ಇನ್ನೊಬ್ಬಳು ಇವಳ ಮನೆಗೆ ಇಣುಕಿದಳು. ಕುತೂಹಲವೆಂಬುದು ಆ ಊರಿನಲ್ಲಿ ಕಜ್ಜಿಯ ಹಾಗೆ ಮುಟ್ಟಿದವರಿಗೆಲ್ಲ ಹಬ್ಬಿತು. ಯಜಮಾನರ ಕಿವಿಗೆ ಬೀಳದಂತೆ ಮನೆ ಮನೆಯಲ್ಲಿ ಮಣೆಗಳು ಬಿದ್ದವು.

ಒಂದು ಬೆಳಿಗ್ಗೆ ಆಚೆ ದಡದಲ್ಲಿ ಮಗಳು ನಿಂತಿರಲಿಲ್ಲ, ಕೂತಿದ್ದಳು. ಒಂದು ಕೈ ಸೊಂಟದ ಮೇಲಿತ್ತು. ಬೇನೆ ಶುರುವಾಗಿದೆ ಎಂದು ತಾಯಿಗೆ ತಿಳಿಯಿತು. ಆ ಮನೆಯಲ್ಲಿ ಅವಳ ತಲೆ ಹಿಡಿಯಲೂ ಯಾರಿಲ್ಲ. ತಾಯಿ ಮನೆಗೆ ಓಡಿದಳು. ಹೊಸ್ತಿಲ ಬಳಿ ನಿಂತಳು. ಸಮುದ್ರದ ಕಿವಿ ಅಷ್ಟು ಸೂಕ್ಷ್ಮವಲ್ಲವೆಂದು ಅವಳಿಗೆ ಗೊತ್ತಿತ್ತು. ಇಲ್ಲಿ ನಿಂತು ಬಾ ಎಂದರೆ ಮಗಳೊಬ್ಬಳೇ ಬರುವುದಿಲ್ಲ, ತಾನು ಹೋಗು ಎಂದದ್ದೆಲ್ಲ ಬರುತ್ತದೆ.

"ಬಾ" ಎಂದಳು. "ಎಲ್ಲ ಬನ್ನಿ. ಕೂರೂಕೆ ಜಾಗ ಮಾಡಿದ್ದೆ."

ಅಳಿವೆಯ ಬಾಯಿಂದ ಅವಳ ಜರಡಿ ಹೊರಟಿತು, ಅವಳ ಕೊಟ್ಟೆಗಳು ಹೊರಟವು, ಡಬ್ಬಿಗಳು ಹೊರಟವು. ಹೊಳೆಯ ತೆಳುನೀರಿನಲ್ಲಿ ತೇಲುತ್ತ ಬಂದು ಮೆಟ್ಟಿಲಿಗೆ ಮುಟ್ಟಿದವು. ಅವುಗಳ ಹಿಂದೆಯೇ ಆಚೆ ದಡದಿಂದ ಮಗಳನ್ನು ಕೂರಿಸಿಕೊಂಡು ದೋಣಿ ಹೊರಟಿತು. ನಡುಹೊಳೆಗೆ ಬಂತು. ತಿರುಗಲಿಲ್ಲ! ನಡುಹೊಳೆಯನ್ನು ದಾಟಿತು. ದಾಟಿ, ಈಚೆ ದಡ ಇನ್ನೇನು ಸಿಕ್ಕಿತು ಎನ್ನುವಷ್ಟರಲ್ಲಿ ಕೆಸರಿಗೆ ತಾಗಿ ನಿಂತುಬಿಟ್ಟಿತು. ನೀರೇ ಇರಲಿಲ್ಲ. ಇಳಿದು ನಡೆಯೋಣವೆಂದರೆ, ದಂಡೆಯ ಕೆಸರು ಒಣಗಿದ್ದರೂ ಇಲ್ಲಿ ಸೊಂಟದ ತನಕ ನುಂಗುವ ಕೆಸರು.

"ಅಕ್ಕಾ, ನೀರು ಬೇಕು!" ಎಂದು ದೋಣಿಯವನು ಕೂಗಿದ. ಮಗಳು ದೋಣಿಯ ಅಂಚನ್ನು ಹಿಡಿದುಕೊಂಡು ನರಳಿದಳು.

ನೀರು ಬರಬೇಕಾದರೆ ಅಳಿವೆಯ ಬಾಯಿ ತೆರೆಯಬೇಕು. ಬಾಯಿ ತೆರೆಯಬೇಕಾದರೆ ಊರೆಲ್ಲ ತಾನು ಅಟ್ಟಿದ್ದನ್ನು ಕರೆಯಬೇಕು. ತಾಯಿ ಬೀದಿಯಲ್ಲಿ ಓಡಿದಳು. "ನಿಮ್ಮ ನಿಮ್ಮದನ್ನ ಕರೀರಿ! ಬಾಗಿಲಿಗೆ ಬಂದು ಕರೀರಿ!" ಪಕ್ಕದ ಮನೆಯವಳು ಹೊಸ್ತಿಲ ಬಳಿ ಬಂದು 'ಬಾ' ಎಂದಳು. ಅವಳ ಆಚೆಯವಳು 'ಬಾ' ಎಂದಳು. ಬೇಲಿ ಹಾರುತ್ತಿದ್ದ ಗಂಡಸರು ಬೇಲಿಯಿಂದ ಇಳಿದು, ಬಾಗಿಲಿಗೆ ಬಂದು, 'ಬಾ' ಎಂದರು. ಮನೆಯಿಂದ ಮನೆಗೆ, ಓಣಿಯಿಂದ ಓಣಿಗೆ ಒಂದೇ ಮಾತು. ಅಳಿವೆಯ ರಾಶಿ ಅಲುಗಾಡಿತು, ಬಿಚ್ಚಿಕೊಂಡಿತು, ಊರಿನ ಕಡೆಗೆ ಹರಿಯಿತು. ಆದರೆ ಕಾಲುಭಾಗ ಅಲ್ಲೇ ಗಟ್ಟಿಯಾಗಿ ನಿಂತಿತ್ತು. ಅದು ಯಜಮಾನರ ಮನೆಯದು. ದೊಡ್ಡ ಮನೆ, ದೊಡ್ಡ ಕಸ.

ಯಜಮಾನರು ಜಗಲಿಯ ಮೇಲೆ ಸೀದುಹೋದ ಗಂಜಿಯನ್ನು ಮುಂದಿಟ್ಟುಕೊಂಡು ಕೂತಿದ್ದರು. ಹೊಸ ಕಟ್ಟಳೆಯ ಮೊದಲ ವಾರದಲ್ಲೇ ಹೆಂಡತಿ ತವರಿಗೆ ಹೊರಟಾಗ, ಊರಿಗೆ ಮಾದರಿಯಾಗಲೆಂದು ಎಲ್ಲರಿಗೂ ಕೇಳುವ ಹಾಗೆ 'ಹೋಗು' ಎಂದವರು ಅವರು. ಆಕೆ ತಿರುಗಿ ಬಂದಿರಲಿಲ್ಲ. ಊರಿಗೆಲ್ಲ ಗೊತ್ತಿದ್ದೂ ಯಾರೂ ಕೇಳಿರಲಿಲ್ಲ.

"ಯಜಮಾನ್ರೇ, ನನ್ನ ಮಗಳ ದೋಣಿ ಕೆಸರಲ್ಲಿ ನಿಂತದೆ. ಕರೀರಿ" ಎಂದಳು ಬಳಚು ಹೆಕ್ಕುವವಳು.

ಅವರು ಮೀಸೆಗೆ ಕೈ ಹಾಕಿದರು, ತೆಗೆದರು. "ಬಾ ಅಂದ್ರೆ ಅವಳೂ ಬತ್ತಾಳೆ" ಎಂದರು ಸಣ್ಣ ದನಿಯಲ್ಲಿ. "ಬಂದ್ರೆ ನಾ ಎಂತ ಹೇಳ್ಲಿ?"

"ಏನೂ ಹೇಳ್ಬೇಡಿ. ಮಣೆ ಹಾಕಿ, ನೀರು ಕೊಡಿ. ಮಾತು ಆಮೇಲೆ ಬತ್ತದೆ."

ಯಜಮಾನರು ಎದ್ದರು. ಹೊಸ್ತಿಲ ಬಳಿ ಬಂದರು. "ಬಾ" ಎಂದರು. ಆಮೇಲೆ, ಯಾರೂ ಹೇಳಿಕೊಡದೆ, "ಬಾ ಮಾರಾಯ್ತಿ" ಎಂದರು.

ಅಳಿವೆಯ ಬಾಯಿ ತೆರೆಯಿತು. ನೀರು ಬಂತು. ಇಷ್ಟು ದಿನ ಹೊರಗೆ ನಿಂತಿದ್ದ ಉಬ್ಬರವೆಲ್ಲ ಒಟ್ಟಿಗೆ ಬಂದು, ಬಿರುಕುಬಿಟ್ಟ ಕೆಸರನ್ನು ಮುಚ್ಚಿ, ಕಾಂಡ್ಲದ ಬೇರುಗಳನ್ನು ನೆನೆಸಿ, ದೋಣಿಯನ್ನು ಎತ್ತಿ, ಬಳಚು ಹೆಕ್ಕುವವಳ ಮನೆಯ ಮೆಟ್ಟಿಲ ತನಕ ತಂದುಬಿಟ್ಟಿತು. ನೀರಿನ ತುಂಬ ಊರಿನ ಕಸ. ಆ ಕಸದ ನಡುವಿನಿಂದಲೇ ಹೆಂಗಸರು ಮಗಳನ್ನು ಎತ್ತಿಕೊಂಡು ಒಳಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಒಳಗಿನಿಂದ ಕೂಸಿನ ಅಳು ಕೇಳಿತು. ಹೆಣ್ಣು ಕೂಸು.

ಬಂದದ್ದನ್ನೆಲ್ಲ ಕೂರಿಸಿ, ನೀರು ಕುಡಿಸಿ, ಎಲ್ಲಿಗೆಂದು ಕೇಳುವುದಕ್ಕೆ ಊರಿಗೆ ಒಂದು ಮಳೆಗಾಲ ಹಿಡಿಯಿತು. ಜಗಳಗಳಾದವು. ನಿನ್ನ ಡಬ್ಬಿ ನನ್ನ ಮೆಟ್ಟಿಲಲ್ಲಿ ಕೂತಿದೆ ಎಂದು ಒಬ್ಬರು, ನನ್ನದಲ್ಲವೆಂದು ಇನ್ನೊಬ್ಬರು. ಕೆಲವರು ಮಣೆ ಸಾಲದೆ ಬಾಗಿಲನ್ನೇ ಕಳಚಿ ಹಾಸಿದರು. ಉತ್ತರವಿಲ್ಲದ ಕೊಟ್ಟೆಗಳು ಇವತ್ತಿಗೂ ಪ್ರತಿ ಮನೆಯ ಮೂಲೆಯ ಮಣೆಯ ಮೇಲೆ ಕೂತಿವೆ. ನೋಡಿದಾಗಲೆಲ್ಲ ಸ್ವಲ್ಪ ನಾಚಿಕೆಯಾಗುತ್ತದೆ, ಆಗಲಿ. ಅಂಗಡಿಯವನು ಮತ್ತೆ ಎಲೆಯಲ್ಲಿ ಕಟ್ಟಿಕೊಡತೊಡಗಿದ. ಬಾರದೆ ಹೋಗಿದ್ದ ಗಂಡಸರೂ ಬಂದರು, ಬೆಕ್ಕುಗಳೂ ಬಂದವು. ಯಜಮಾನರ ಹೆಂಡತಿ ಬಂದಳು, ಕೂತಳು, ನೀರು ಕುಡಿದಳು, ಮಾತು ಬರಲು ಮಾತ್ರ ಒಂದು ವಾರ ತೆಗೆದುಕೊಂಡಳು. ಕಾಂಡ್ಲದ ಬೀಜಗಳು ತೇಲಿ ಬಂದಾಗ ಊರಿನವರು ಕೆಸರಿಗಿಳಿದು, ನಾಟಿಕೊಳ್ಳಲಾರದೆ ಅಡ್ಡ ಬಿದ್ದವುಗಳನ್ನು ಕೈಯಿಂದ ಹುಗಿದರು. ಬಳಚುಗಳ ಒಳಗೆ ಮಾಂಸ ತುಂಬಿತು. ಆಮೆಗಳು ಬಂದವೋ ಎಂದರೆ, ಒಂದು ಬಂತು. ಒಂದು ಸುತ್ತು ನೋಡಿಕೊಂಡು ಹೋಗಿದೆ. ಊರಿನವರು 'ಹೋಗಿ ಬಾ' ಎಂದಿದ್ದಾರೆ.

ಬಾಣಂತನ ಮುಗಿಯಿತು. ಮಗಳು ಕೂಸನ್ನು ಕೌದಿಯಲ್ಲಿ ಸುತ್ತಿಕೊಂಡು ಹೊರಟು ನಿಂತಳು. ದೋಣಿಯವನು ಮೆಟ್ಟಿಲ ಬಳಿ ಕಾಯುತ್ತಿದ್ದ. ತಾಯಿ ಹೊಸ್ತಿಲ ಬಳಿ ಬಂದಳು. ಈಗ ಕಟ್ಟಳೆ ಹಳೆಯದೇ. ಹೋಗಿ ಬಾ ಎಂದರೆ ಮಗಳು ಬಂದೇ ಬರುತ್ತಾಳೆ.

"ಬತ್ತೆ ಅಮ್ಮ" ಎಂದಳು ಮಗಳು.

ತಾಯಿ ಬಾಯಿ ತೆರೆದಳು. ಮಗಳನ್ನು ನೋಡಿದಳು, ಕೌದಿಯೊಳಗಿಂದ ಹೊರಗೆ ಬಂದಿದ್ದ ಸಣ್ಣ ಕೈಯನ್ನು ನೋಡಿದಳು.

"ಎಲ್ಲಿಗೆ?" ಎಂದಳು.

ಮಗಳು ನಿಂತಲ್ಲೇ ನಿಂತಳು. "ಅಮ್ಮಾ! ಬೇಕಂತಲೇ ಕೇಳಿದ್ದು ನೀನು!"

"ಬಾಯಿ ತಪ್ಪಿತು" ಎಂದಳು ತಾಯಿ. ಸುಳ್ಳು. ಹೊಸ್ತಿಲ ಬಳಿ ನಿಂತು ಅಂಥ ಸುಳ್ಳನ್ನು ಆ ಊರಿನಲ್ಲಿ ಯಾರೂ ಹೇಳಿರಲಿಲ್ಲ. ಆದರೆ ಕೇಳಿದ್ದು ಕೇಳಿಯಾಗಿತ್ತು. ಮಗಳು ನಗುತ್ತ ಒಳಗೆ ಬಂದು, ಬಾಟಲಿಗೂ ಸಿಪ್ಪೆಯ ಮಡಕೆಗೂ ನಡುವಿನ ಮಣೆಯ ಮೇಲೆ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ತಾಯಿ ನೀರು ತರಲು ಒಳಗೆ ಹೋದಳು. ಒಂದು ಗುಟುಕು ನೀರು ತರಲು ಅವಳು ಅಷ್ಟು ಹೊತ್ತು ತೆಗೆದುಕೊಂಡದ್ದನ್ನು ಯಾರೂ ನೋಡಿರಲಿಲ್ಲ.

"ಅಕ್ಕಾ, ಇಳಿತ ಶುರುವಾಯ್ತು! ನೀರು ಹೋಗ್ತಾ ಉಂಟು!" ಎಂದು ದೋಣಿಯವನು ಹೊರಗಿನಿಂದ ಕೂಗಿದ.

ತಾಯಿ ಚೊಂಬು ಹಿಡಿದು ಹೊಸ್ತಿಲ ಬಳಿ ಬಂದು, ಹಿಂದೆ ಸರಿಯುತ್ತಿದ್ದ ಹೊಳೆಯನ್ನು ನೋಡಿದಳು.

"ಹೋಗಿ ಬಾ" ಎಂದಳು ಅದಕ್ಕೆ. ಆಮೇಲೆ ಒಳಗೆ ಹೋಗಿ ಮಗಳ ಪಕ್ಕ ಕೂತಳು.